ಎಂಜಿನ್ನಿನ ಮರುಜನ್ಮ: ಒಂದು ಮಿಲಿಮೀಟರಿನ ಲೆಕ್ಕ

ನೀಲಿ ಹೊಗೆ ಉಗುಳುತ್ತ, ಏರು ಹತ್ತುವಾಗ ಏದುಸಿರು ಬಿಡುವ ಅಂಬಾಸಿಡರ್ ಕಾರು ಮೂರು ದಶಕಗಳ ಹಿಂದೆ ಕರ್ನಾಟಕದ ಯಾವ ಊರಿನಲ್ಲೂ ಅಪರೂಪದ ದೃಶ್ಯವಾಗಿರಲಿಲ್ಲ. ಬಾನೆಟ್ ಎತ್ತಿ, ಆಯಿಲ್ ತುಂಬುವ ಮುಚ್ಚಳ ತೆಗೆದು, ಅಲ್ಲಿಂದ ಬುಸುಗುಟ್ಟುವ ಹೊಗೆಗೆ ಅಂಗೈ ಒಡ್ಡಿ ನೋಡಿದ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ತೀರ್ಪು ಹೇಳುತ್ತಿದ್ದ: ‘ಬೋರಿಗೆ ಬಂದಿದೆ.’ ಮಾಲೀಕನ ಜೇಬಿಗೆ ಅದು ಕೆಟ್ಟ ಸುದ್ದಿ. ಆದರೆ ಕಾರಿಗೆ ಅದು ಮರಣಶಾಸನವಾಗಿರಲಿಲ್ಲ. ಕೆಲವು ದಿನಗಳ ನಂತರ ಅದೇ ಕಾರು ಅದೇ ಎಂಜಿನ್ನಿನೊಂದಿಗೆ ಮತ್ತೆ ರಸ್ತೆಗಿಳಿಯುತ್ತಿತ್ತು. ಈ ಮರುಜನ್ಮದ ಗುಟ್ಟು ಅಡಗಿದ್ದುದು ಕೇವಲ ಒಂದು ಮಿಲಿಮೀಟರ್ ಲೋಹದಲ್ಲಿ.

ಎಂಜಿನ್ನಿನ ಹೃದಯವೆಂದರೆ ಸಿಲಿಂಡರ್. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದದ್ದು 1489 ಸಿ.ಸಿ. ಸಾಮರ್ಥ್ಯದ, ನಾಲ್ಕು ಸಿಲಿಂಡರ್‌ಗಳ ಬ್ರಿಟಿಷ್ ವಿನ್ಯಾಸದ ಪೆಟ್ರೋಲ್ ಎಂಜಿನ್. ಪಿಸ್ಟನ್ ಒಂದು ಸಲ ಸಾಗುವ ದೂರ ಸುಮಾರು 89 ಮಿ.ಮೀ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಒಂದೊಂದು ಪಿಸ್ಟನ್ನೂ ಆ ಒಂದು ನಿಮಿಷದಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಉಜ್ಜಿಕೊಂಡು ಓಡುತ್ತದೆ. ಪಿಸ್ಟನ್ನಿನ ಮೇಲಿರುವ ರಿಂಗುಗಳು ಸಿಲಿಂಡರಿನ ಗೋಡೆಗೆ ಒತ್ತಿ ನಿಂತು, ಉರಿಯುವ ಅನಿಲ ಕೆಳಗಿಳಿಯದಂತೆಯೂ ಆಯಿಲ್ ಮೇಲೇರದಂತೆಯೂ ತಡೆಯುತ್ತವೆ. ರಿಂಗು ಮತ್ತು ಗೋಡೆಯ ನಡುವೆ ಇರುವುದು ಆಯಿಲಿನ ತೆಳುಪೊರೆ ಮಾತ್ರ.

ಈ ಪೊರೆ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಸಿಲಿಂಡರಿನ ಮೇಲ್ಭಾಗದಲ್ಲಿ ಶಾಖವೂ ಒತ್ತಡವೂ ಹೆಚ್ಚು, ಆಯಿಲ್ ಕಡಿಮೆ. ಆದ್ದರಿಂದ ಸವೆತ ಅಲ್ಲೇ ಹೆಚ್ಚು. ಇದಲ್ಲದೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಗೋಡೆಯ ಎರಡು ಬದಿ ಹೆಚ್ಚು ತೇಯುತ್ತದೆ. ದುಂಡಗಿದ್ದ ಸಿಲಿಂಡರ್ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ರಿಂಗು ತಲುಪದ ತುದಿಯಲ್ಲಿ ಮಾತ್ರ ಸವೆಯದ ಏಣೊಂದು ಉಳಿಯುತ್ತದೆ. ಹೆಡ್ ಬಿಚ್ಚಿದ ಮೆಕ್ಯಾನಿಕ್ ಮೊದಲು ಉಗುರಿನಿಂದ ಸವರಿ ನೋಡುವುದು ಈ ಏಣನ್ನೇ. ಉಗುರು ಸಿಕ್ಕಿಕೊಂಡರೆ ಬರೀ ರಿಂಗು ಬದಲಿಸಿ ಪ್ರಯೋಜನವಿಲ್ಲ ಎಂದು ಅವನಿಗೆ ತಿಳಿಯುತ್ತದೆ. ಮೊಟ್ಟೆಯಾಕಾರದ ಗೋಡೆಗೆ ದುಂಡನೆಯ ರಿಂಗು ಕೂರುವುದಿಲ್ಲ.

ಆಗ ಎಂಜಿನ್ ಬ್ಲಾಕನ್ನು ಲೇತ್ ಅಂಗಡಿಗೆ ಸಾಗಿಸಬೇಕು. ಅಲ್ಲಿ ಲೆಕ್ಕವೆಲ್ಲ ‘ಥೌ’ಗಳಲ್ಲಿ. ಒಂದು ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪವೇ ಸುಮಾರು ಮೂರು ಥೌ. ಸವೆದ ಸಿಲಿಂಡರನ್ನು ಹತ್ತು, ಇಪ್ಪತ್ತು, ಮೂವತ್ತು ಅಥವಾ ನಲವತ್ತು ಥೌ ದೊಡ್ಡದಾಗಿ ಕೊರೆದು ಮತ್ತೆ ದುಂಡಗೆ ಮಾಡುತ್ತಾರೆ. ಅದಕ್ಕೆ ತಕ್ಕಂತೆ ಅಷ್ಟೇ ದೊಡ್ಡದಾದ ‘ಓವರ್‌ಸೈಜ್’ ಪಿಸ್ಟನ್ ಹಾಕುತ್ತಾರೆ. ಅನುಭವಿ ಕೆಲಸಗಾರ ಪಿಸ್ಟನ್ ಕೈಗೆ ಬಂದು ಅದನ್ನು ಅಳೆಯುವವರೆಗೆ ಕೊರೆಯಲು ತೊಡಗುವುದಿಲ್ಲ. ಕೊನೆಗೆ ಗೋಡೆಯ ಮೇಲೆ ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೀರು ಎಳೆಯುತ್ತಾರೆ. ಗೋಡೆ ಕನ್ನಡಿಯಂತೆ ನುಣುಪಾದರೆ ಆಯಿಲ್ ನಿಲ್ಲುವುದಿಲ್ಲ. ಆ ಸಣ್ಣ ಗೀರುಗಳೇ ಅದನ್ನು ಹಿಡಿದಿಡುತ್ತವೆ.

ನಲವತ್ತು ಥೌ ಎಂದರೆ ಒಂದು ಮಿಲಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಎಂಜಿನ್ ರೂಪಿಸಿದವರು ಮೊದಲೇ ಈ ಸವೆತವನ್ನು ಊಹಿಸಿ, ಗೋಡೆಯಲ್ಲಿ ಅಷ್ಟು ಲೋಹವನ್ನು ಹೆಚ್ಚಾಗಿಯೇ ಬಿಟ್ಟಿದ್ದರು. ಆ ಅಳತೆಯ ಪಿಸ್ಟನ್ನುಗಳನ್ನೂ ಮಾರುಕಟ್ಟೆಗೆ ಬಿಟ್ಟಿದ್ದರು. ಅದೂ ಮುಗಿದರೆ ಸಿಲಿಂಡರಿಗೆ ಉಕ್ಕಿನ ಅಥವಾ ಬೀಡುಕಬ್ಬಿಣದ ‘ಸ್ಲೀವ್’ ಹೊಡೆಸಿ ಮತ್ತೆ ಮೂಲ ಅಳತೆಗೆ ಬರಬಹುದಿತ್ತು. ಕ್ರ್ಯಾಂಕ್ ಶಾಫ್ಟಿನದು ಇದೇ ಲೆಕ್ಕ, ಆದರೆ ತಿರುವುಮುರುವು. ಅದನ್ನು ತೇದು ಸಣ್ಣದು ಮಾಡಿ, ಹೆಚ್ಚು ದಪ್ಪದ ಬೇರಿಂಗ್ ಕೂರಿಸುತ್ತಾರೆ.

ದುಂಡಗೆ ಕೊರೆಯುವ ಈ ವಿದ್ಯೆಗೆ ಕಾರಿಗಿಂತ ನೂರು ವರ್ಷ ಹೆಚ್ಚಿನ ವಯಸ್ಸು. ಜೇಮ್ಸ್ ವಾಟ್ 1769ರಲ್ಲೇ ತನ್ನ ಉಗಿಯಂತ್ರಕ್ಕೆ ಪೇಟೆಂಟ್ ಪಡೆದಿದ್ದರೂ, ಉಗಿ ಸೋರದಷ್ಟು ದುಂಡಗಿನ ಸಿಲಿಂಡರ್ ಸಿಗದೆ ವರ್ಷಗಟ್ಟಲೆ ಪರದಾಡಿದ. ಫಿರಂಗಿ ಕೊರೆಯುವುದರಲ್ಲಿ ಪಳಗಿದ್ದ ಜಾನ್ ವಿಲ್ಕಿನ್ಸನ್ 1775ರ ಸುಮಾರಿಗೆ ರೂಪಿಸಿದ ಯಂತ್ರ ಆ ತೊಡಕನ್ನು ಬಿಡಿಸಿತು. ಐವತ್ತು ಅಂಗುಲ ಅಗಲದ ಸಿಲಿಂಡರಿನಲ್ಲಿ ತಪ್ಪಿದ್ದುದು ಒಂದು ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ಇಲ್ಲವೆಂದು ವಾಟನ ಪಾಲುದಾರ ಬೌಲ್ಟನ್ ಹೆಮ್ಮೆಪಟ್ಟಿದ್ದ. ಬೆಂಗಳೂರಿನ ಸಾಮಾನ್ಯ ಲೇತ್ ಅಂಗಡಿಯವನು ಆ ನಾಣ್ಯದ ದಪ್ಪವನ್ನು ಹತ್ತಾರು ಪಾಲು ಮಾಡಿ ಅದರಲ್ಲಿ ಒಂದು ಪಾಲಿಗೆ ಲೆಕ್ಕ ಕೊಡಬೇಕಾಗಿತ್ತು.

ಭಾರತದಲ್ಲಿ ಈ ಕಸುಬು ಇಷ್ಟು ಆಳಕ್ಕೆ ಬೇರುಬಿಡಲು ಕಾರಣಗಳಿದ್ದವು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಅವಕಾಶವಿಲ್ಲವೆಂಬ ನೀತಿ 1953ರಲ್ಲಿ ಬಂದ ಮೇಲೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಇಲ್ಲಿನ ಜೋಡಣಾ ಘಟಕಗಳನ್ನು ಮುಚ್ಚಿದವು. ಉಳಿದ ಕೆಲವೇ ಕಾರುಗಳಿಗೆ ಜನ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಹೊಸದು ಸಿಗದ ಕಾಲದಲ್ಲಿ ಹಳೆಯದನ್ನು ಬದುಕಿಸುವುದೇ ಜಾಣತನ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಕಲ್ಕತ್ತೆಯ ಮಲ್ಲಿಕ್ ಬಜಾರ್ ಬೆಳೆದದ್ದು ಈ ಅಗತ್ಯದಿಂದ. ಎಂಜಿನ್ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ, ಆರ್.ಸಿ. ಪುಸ್ತಕದಲ್ಲಿರುವುದೂ ಅದೇ. ಬ್ಲಾಕ್ ಉಳಿದರೆ ಒಳಗಿನದೆಲ್ಲ ಬದಲಾದರೂ ಕಾಗದಪತ್ರದ ಪ್ರಕಾರ ಎಂಜಿನ್ ಅದೇ. ತಾಮ್ರದ ಹಂಡೆಗೆ ಕಲಾಯಿ ಹಾಕಿಸಿ, ನೇಗಿಲ ಕುಳ ತಟ್ಟಿಸಿ, ಒರಳಿಗೆ ಉಳಿ ಹೊಡೆಸಿ ಬಳಸುತ್ತಿದ್ದ ಸಮಾಜಕ್ಕೆ ಇದು ಹೊಸ ಪಾಠವೇನೂ ಆಗಿರಲಿಲ್ಲ.

ಹಾಗೆಂದು ಸವೆತಕ್ಕೆ ಮದ್ದು ಲೇತ್ ಮಾತ್ರವಲ್ಲ. ಎಂಜಿನ್ನಿನ ಮೊದಲ ವೈರಿ ದೂಳು. ಏರ್ ಫಿಲ್ಟರ್ ಹರಿದರೆ ಒಳಗೆ ಹೋದ ದೂಳು ಆಯಿಲಿನೊಂದಿಗೆ ಬೆರೆತು ಉಪ್ಪುಕಾಗದದಂತೆ ಗೋಡೆಯನ್ನು ತಿನ್ನುತ್ತದೆ. ಎರಡನೆಯದು ಕಾಲಕ್ಕೆ ಬದಲಿಸದ ಆಯಿಲ್. ಮೂರನೆಯದು ರೇಡಿಯೇಟರಿನ ನೀರು ತಗ್ಗಿದರೂ ಗಮನಿಸದ ಉದಾಸೀನ. ಬೋರ್ ಮಾಡಿಸಿದ ಎಂಜಿನ್ನನ್ನೂ ಮೊದಲ ಸಾವಿರ ಕಿಲೋಮೀಟರ್ ಬಾಣಂತಿಯಂತೆ ನೋಡಿಕೊಳ್ಳಬೇಕು; ಹೊಸ ರಿಂಗು ಹೊಸ ಗೋಡೆಗೆ ಹೊಂದಿಕೊಳ್ಳುವವರೆಗೆ ಭಾರ, ವೇಗ ಎರಡೂ ಕೂಡದು. ಇನ್ನೊಂದು ಮಾತು. ಸಿಲಿಂಡರ್ ಸವೆದರೆ ತಿಂಗಳುಗಟ್ಟಲೆ ಹೊಗೆಯ ಮೂಲಕ ಎಚ್ಚರಿಸುತ್ತದೆ. ನಂತರದ ಕಾರುಗಳಲ್ಲಿ ಬಂದ ಟೈಮಿಂಗ್ ಬೆಲ್ಟ್ ಎಚ್ಚರಿಸುವುದಿಲ್ಲ. ಅದು ತುಂಡಾದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ. ಅದನ್ನು ಚೆನ್ನಾಗಿ ಕಾಣುತ್ತಿರುವಾಗಲೇ, ಕಿಲೋಮೀಟರ್ ಲೆಕ್ಕದ ಮೇಲೆ ಬದಲಿಸಬೇಕು.

ಹೊಗೆಯುಗುಳುವ ಆ ಹಳೆಯ ಕಾಲವನ್ನು ಬರೀ ಹೊಗಳುವಂತಿಲ್ಲ. ಅಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸಿರುತ್ತಿದ್ದರು. ಅದು ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. ಜೊತೆಗೆ ಮಕ್ಕಳ ರಕ್ತಕ್ಕೆ ವಿಷವನ್ನೂ ಸೇರಿಸುತ್ತಿತ್ತು. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು ಒಳ್ಳೆಯದೇ ಆಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಎಂಜಿನ್ನುಗಳಲ್ಲಿ ಕಾರ್ಬುರೇಟರ್ ಇಲ್ಲ, ಆಯಿಲಿನ ಗುಣಮಟ್ಟ ಹೆಚ್ಚಿದೆ, ಸವೆತ ಬಹಳ ನಿಧಾನ. ಬೋರ್ ಎಂಬ ಮಾತನ್ನೇ ಕೇಳದೆ ಕಾರು ಬದಲಿಸುವ ಮಾಲೀಕರೇ ಈಗ ಹೆಚ್ಚು.

ಆದರೆ ಈ ಲಾಭದೊಂದಿಗೆ ಒಂದು ನಷ್ಟವೂ ಬಂದಿದೆ. ಈಗಿನ ಕೆಲವು ಅಲ್ಯೂಮಿನಿಯಂ ಎಂಜಿನ್ನುಗಳ ಸಿಲಿಂಡರ್ ಗೋಡೆಯ ಮೇಲಿರುವುದು ಮಿಲಿಮೀಟರಿನ ಒಂದಂಶದಷ್ಟು ತೆಳುವಾದ ಲೋಹದ ಲೇಪ. ಭಾರ ಇಳಿಸಲು, ಇಂಧನ ಉಳಿಸಲು ಅದು ಅಗತ್ಯ. ಆದರೆ ಅದನ್ನು ಹಳೆಯ ರೀತಿಯಲ್ಲಿ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕುವಂತಿಲ್ಲ. ಗೋಡೆಯಲ್ಲಿ ಗೀರು ಬಿದ್ದರೆ ಬ್ಲಾಕನ್ನೇ ಬದಲಿಸಬೇಕಾದೀತು. ಆ ವೆಚ್ಚ ಹಳೆಯ ಕಾರಿನ ಬೆಲೆಯನ್ನೇ ಮೀರಿದರೆ ಅದು ಗುಜರಿಗೆ. ಸವೆತ ನಿಧಾನವಾಯಿತು, ಆದರೆ ಸವೆದ ಮೇಲೆ ಹಿಂದಿರುಗುವ ದಾರಿ ಕಿರಿದಾಯಿತು.

ಲಾರಿ, ಟ್ರ್ಯಾಕ್ಟರ್‌ಗಳ ಎಂಜಿನ್ನುಗಳಲ್ಲಿ ಸವೆದ ಲೈನರ್ ತೆಗೆದು ಹೊಸದು ಹಾಕುವ ಪದ್ಧತಿ ಇಂದಿಗೂ ಉಳಿದಿದೆ. ಅವುಗಳನ್ನು ಕೊಳ್ಳುವವರು ಮೊದಲೇ ಕೇಳುವುದು ರಿಪೇರಿಯ ವಿಚಾರವನ್ನು. ಕಾರು ಕೊಳ್ಳುವಾಗ ಮೈಲೇಜ್, ಬಣ್ಣ, ಪರದೆಯ ಗಾತ್ರ ಎಲ್ಲವನ್ನೂ ವಿಚಾರಿಸುವ ಗ್ರಾಹಕ ಈ ಒಂದು ಪ್ರಶ್ನೆಯನ್ನೂ ಕೇಳಬಹುದು: ಸವೆದ ದಿನಕ್ಕೆಂದು ಇದರಲ್ಲಿ ಎಷ್ಟು ಲೋಹ ಬಿಟ್ಟಿದ್ದೀರಿ?