ಕಪ್ಪಲ್ಲೇ ಬೆಳಕು ಕಂಡ ಸುಲಾಜ್

ಈ ಕ್ಯಾನ್ವಾಸ್ ನೋಡಿ. ಪೂರ್ತಿ ಕಪ್ಪು. ಡಾಂಬರು ಬಳಿದ ಹಾಗಿದೆ ಅನ್ನಿಸ್ತಾ? ಬರೆದವರು ಫ್ರಾನ್ಸ್‌ನ ಪಿಯೆರ್ ಸುಲಾಜ್. ಡಾಂಬರಿನ ವಿಷಯಕ್ಕೆ ಬಂದರೆ, 1948ರಲ್ಲಿ ಗಾಜಿನ ಮೇಲೆ ನಿಜಕ್ಕೂ ಡಾಂಬರಲ್ಲೇ ಚಿತ್ರ ಬರೆದವರು ಇವರು!

ಹುಟ್ಟಿದ್ದು 1919ರಲ್ಲಿ, ರೊಡೆಜ್ ಪಟ್ಟಣದಲ್ಲಿ.

ನನಗೆ ಹೆಚ್ಚು ಇಷ್ಟ ಇವರ ಎಚ್ಚಿಂಗ್. ತಾಮ್ರದ ತಗಡನ್ನು ಆಸಿಡ್ ಕೊರೆಯುತ್ತೆ. ಕೊರೆದ ಜಾಗಕ್ಕೆ ಶಾಯಿ ತುಂಬಿ, ಒದ್ದೆ ಕಾಗದ ಹಾಸಿ, ಪ್ರೆಸ್‌ನಲ್ಲಿ ಒತ್ತಿದರೆ ಅಚ್ಚು ರೆಡಿ. 1950ರ ದಶಕದಲ್ಲಿ ಒಮ್ಮೆ ಆಸಿಡ್ ಅತಿಯಾಗಿ ಕೊರೆದು ತಗಡೇ ತೂತಾಯಿತು. ಬೇರೆಯವರಾಗಿದ್ದರೆ ಗುಜರಿಗೆ ಹಾಕುತ್ತಿದ್ದರೇನೋ. ಸುಲಾಜ್ ಅದನ್ನೇ ಅಚ್ಚಿಗೆ ಹಾಕಿದರು. ತೂತಿದ್ದ ಕಡೆ ಶಾಯಿ ಇಲ್ಲ. ಕಾಗದದ ಬಿಳುಪು ಕಪ್ಪಿನ ನಡುವಿನಿಂದ ಎದ್ದು ಬಂತು. ಆಮೇಲೆ ತಗಡಿನ ಅಂಚನ್ನೂ ಆಸಿಡ್‌ಗೇ ಬಿಟ್ಟರು. ಚೌಕಟ್ಟಿನ ನಾಲ್ಕು ಮೂಲೆ ಮಾಯ!

1979ರಲ್ಲಿ ಇನ್ನೊಂದು ತಿರುವು. ಕ್ಯಾನ್ವಾಸ್ ತುಂಬ ಕಪ್ಪು ಬಳಿದಾಗ ಅವರಿಗೆ ಕಂಡಿದ್ದು ಕಪ್ಪಲ್ಲ, ಅದರ ಮೇಲೆ ಆಡುವ ಬೆಳಕು. ದಪ್ಪ ಬಣ್ಣದಲ್ಲಿ ಒಂದು ಕಡೆ ಗೀರು, ಇನ್ನೊಂದು ಕಡೆ ನುಣುಪು. ನೀವು ಪಕ್ಕಕ್ಕೆ ಸರಿದರೆ ಚಿತ್ರವೇ ಬದಲಾಗುತ್ತೆ. ಈ ಬಗೆಗೆ ಅವರಿಟ್ಟ ಹೆಸರು ಊತ್ರ್‌ನ್ವಾರ್.

ಕಾಂಕ್ ಊರಿನ ಹಳೇ ಚರ್ಚಿಗೆ 104 ಗಾಜಿನ ಕಿಟಕಿಗಳನ್ನೂ ರೂಪಿಸಿದರು. ಆ ಗಾಜಿಗೆ ಕಪ್ಪೂ ಇಲ್ಲ, ಬಣ್ಣವೂ ಇಲ್ಲ.

2022ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ರೊಡೆಜ್‌ನಲ್ಲಿ 2014ರಿಂದ ಅವರದೇ ಮ್ಯೂಸಿಯಂ ಇದೆ. ಆ ಕಡೆ ಹೋದರೆ ದೊಡ್ಡ ಕ್ಯಾನ್ವಾಸ್‌ಗಳಿಗಿಂತ ಮೊದಲು ಎಚ್ಚಿಂಗ್‌ಗಳ ಮುಂದೆ ನಿಲ್ಲಿ.