ಅಪರೂಪದ ಬೆಲೆ, ಉಪಯೋಗದ ಬೆಲೆ

ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುವ ವಸ್ತುಗಳ ಸಾಲಿನಲ್ಲಿ ಮೋಟಾರು ಕಾರು ಮುಂಚೂಣಿಯಲ್ಲಿದೆ. ಚಿನ್ನದಂತೆ, ನಿವೇಶನದಂತೆ ಅದು ಮುಂದಿನ ತಲೆಮಾರಿಗೆ ಆಸ್ತಿಯಾಗಿ ಉಳಿಯುವುದಿಲ್ಲ. ಓಡಿಸಿದರೆ ಸವೆಯುತ್ತದೆ, ನಿಲ್ಲಿಸಿದರೂ ಹಳತಾಗುತ್ತದೆ. ಆದರೆ ಸವಕಳಿಯ ಈ ನಿಯಮಕ್ಕೆ ಸುಲಭವಾಗಿ ಬಗ್ಗದ ಒಂದು ಸಣ್ಣ ವರ್ಗವೂ ಇದೆ. ತಯಾರಕರು ಅಲ್ಪಕಾಲ ಅಥವಾ ಅಲ್ಪ ಸಂಖ್ಯೆಯಲ್ಲಿ ಹೊರತರುವ ‘ವಿಶೇಷ ಆವೃತ್ತಿ’ಯ ಸ್ಪೋರ್ಟ್ಸ್ ಕಾರುಗಳು ಈ ವರ್ಗಕ್ಕೆ ಸೇರಿದವು. ಹತ್ತು ಹನ್ನೆರಡು ವರ್ಷ ಓಡಿದ ಇಂತಹ ಕಾರು, ಅದೇ ಕಂಪನಿಯ ತೀರಾ ಇತ್ತೀಚಿನ ಮೂಲ ಮಾದರಿಯಷ್ಟೇ ಬೆಲೆಗೆ ಮಾರಾಟವಾಗುವುದುಂಟು. ಹಳತಕ್ಕೂ ಹೊಸತಕ್ಕೂ ಒಂದೇ ಬೆಲೆಯಾದಾಗ ಕೊಳ್ಳುವವನು ಯಾವುದನ್ನು ಆರಿಸಬೇಕು?

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಂಜಿನಿಯರ್ ಆಗಿರುವ ನನ್ನ ಸೋದರಳಿಯ ಕೆಲವು ತಿಂಗಳ ಹಿಂದೆ ಕೇಳಿದ್ದು ಇದೇ ಪ್ರಶ್ನೆಯನ್ನು. ಅವನ ಐದು ವರ್ಷಗಳ ಉಳಿತಾಯಕ್ಕೆ ಎಟಕುವಂತೆ ಎರಡು ಫೋರ್ಡ್ ಮಸ್ಟ್ಯಾಂಗ್ ಕಾರುಗಳಿದ್ದವು. ಒಂದು 2013ರ ‘ಬಾಸ್ 302’ ವಿಶೇಷ ಆವೃತ್ತಿ. ಇನ್ನೊಂದು 2024ರ ಮೂಲ ಮಾದರಿ. “ಮಾಮ, ನೀವು ಎಕನಾಮಿಕ್ಸ್ ಓದಿದವರು. ಯಾವುದು ಲಾಭ ಹೇಳಿ” ಎಂದ. ಇದು ಉಳ್ಳವರ ಶೋಕಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಅವನ ಮನೆಯಲ್ಲಿ ಮೂರು ವರ್ಷದ ಮಗುವಿದೆ. ಕೊಳ್ಳುವ ಕಾರಿನ ಹಿಂದಿನ ಸೀಟಿನಲ್ಲೇ ಆ ಮಗು ಶಿಶುವಿಹಾರಕ್ಕೂ ಹೋಗಬೇಕು. ಹಾಗಾಗಿ ಲಾಭ ಎಂಬ ಪದದ ಅರ್ಥವನ್ನೇ ಮೊದಲು ನಿಷ್ಕರ್ಷೆ ಮಾಡಬೇಕಾಯಿತು.

ಎರಡೂ ಕಾರುಗಳ ಗುಣಾವಗುಣಗಳನ್ನು ಮೊದಲು ನೋಡೋಣ. ಬಾಸ್ 302 ತಯಾರಾದದ್ದು 2012 ಮತ್ತು 2013ರ ಮಾದರಿಗಳಾಗಿ ಮಾತ್ರ. ಐದು ಲೀಟರ್ ಸಾಮರ್ಥ್ಯದ ಎಂಟು ಸಿಲಿಂಡರುಗಳ ಎಂಜಿನ್, 444 ಅಶ್ವಶಕ್ತಿ, ಕೈಯಿಂದಲೇ ಬದಲಿಸಬೇಕಾದ ಆರು ಗೇರುಗಳು. 2024ರ ಮೂಲ ಮಾದರಿಯಲ್ಲಿರುವುದು 2.3 ಲೀಟರಿನ, ಟರ್ಬೊ ಅಳವಡಿಸಿದ ನಾಲ್ಕು ಸಿಲಿಂಡರುಗಳ ಎಂಜಿನ್; ಶಕ್ತಿ 315. ಗೇರುಗಳು ಹತ್ತು, ಅವೂ ಸ್ವಯಂಚಾಲಿತ. ಮೂಲ ಮಾದರಿಯಲ್ಲಿ ಕೈಗೇರು ಬೇಕೆಂದರೂ ಸಿಗುವುದಿಲ್ಲ. ಶಕ್ತಿಯನ್ನಷ್ಟೇ ತೂಗಿದರೆ ಹಳೆಯದೇ ಮೇಲು. ಆದರೆ ಬಾಸ್ ಕಾರಿನ ಎರಡು ಹಿಂಚಕ್ರಗಳು ಹಳೆಯ ಪದ್ಧತಿಯಂತೆ ಒಂದೇ ಬಿಗಿಯಾದ ಆಕ್ಸಲ್‌ಗೆ ಜೋಡಿಸಲ್ಪಟ್ಟಿವೆ; ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಅದರ ಪೆಟ್ಟು ತಟ್ಟುತ್ತದೆ. 2015ರ ಮಾದರಿಯಿಂದ ಪ್ರತಿ ಹಿಂಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಬಂದಿತು, ಮೂಲ ಮಾದರಿಗೂ ಬಂದಿತು.

ಇಲ್ಲೇ ಒಂದು ಆರ್ಥಿಕ ಸತ್ಯ ಅಡಗಿದೆ. ತಂತ್ರಜ್ಞಾನ ಮೇಲಿನ ಅಂತಸ್ತಿನಲ್ಲಿ ಹುಟ್ಟಿ ಕಾಲಕ್ರಮೇಣ ಕೆಳಗಿಳಿಯುತ್ತದೆ. 1984ರಲ್ಲಿ ಫೋರ್ಡ್ ‘ಎಸ್‌ವಿಒ’ ಎಂಬ ವಿಶೇಷ ಮಸ್ಟ್ಯಾಂಗ್ ಹೊರತಂದಿತು. ಅದರ ಹೆಗ್ಗಳಿಕೆಯೇ 2.3 ಲೀಟರಿನ ಟರ್ಬೊ ಎಂಜಿನ್. ಅದು ನೀಡುತ್ತಿದ್ದುದು 175 ಅಶ್ವಶಕ್ತಿ. ಬೆಲೆ ಸುಮಾರು 15 ಸಾವಿರ ಡಾಲರ್, ಅಂದಿನ ಮಸ್ಟ್ಯಾಂಗ್‌ಗಳಲ್ಲಿ ದುಬಾರಿ. ನಲವತ್ತು ವರ್ಷಗಳ ಬಳಿಕ ಅಷ್ಟೇ ಗಾತ್ರದ ಟರ್ಬೊ ಎಂಜಿನ್, ವಿನ್ಯಾಸ ಬೇರೆಯಾದರೂ, ಹೆಚ್ಚುಕಡಿಮೆ ಇಮ್ಮಡಿ ಶಕ್ತಿಯೊಡನೆ ಅತ್ಯಂತ ಅಗ್ಗದ ಮಾದರಿಯಲ್ಲಿದೆ. ನಿನ್ನೆಯ ವಿಶೇಷ ಇಂದಿನ ಸಾಮಾನ್ಯವಾಗುವುದೇ ಕೈಗಾರಿಕೆಯ ಇತಿಹಾಸ. ಹಾಗಿದ್ದರೆ ನಿನ್ನೆಯ ವಿಶೇಷಕ್ಕೆ ಇಂದಿಗೂ ಜನ ಹೆಚ್ಚುವರಿ ಹಣ ತೆರುವುದೇಕೆ?

ಅಪರೂಪಕ್ಕಾಗಿ ಎಂಬುದು ಸುಲಭದ ಉತ್ತರ. ಆದರೆ ಅಪರೂಪದಲ್ಲೂ ಎರಡು ಬಗೆ. ಮೊದಲ ಬಾಸ್ 302 ಹುಟ್ಟಿದ್ದು 1969ರಲ್ಲಿ. ‘ಟ್ರಾನ್ಸ್ ಆ್ಯಮ್’ ಎಂಬ ಅಮೆರಿಕದ ರೇಸ್ ಸರಣಿಯಲ್ಲಿ ಎಂಜಿನ್ ಐದು ಲೀಟರ್ ಮೀರಬಾರದು, ಅದೇ ಕಾರು ಜನಸಾಮಾನ್ಯರಿಗೂ ಮಾರಾಟಕ್ಕಿರಬೇಕು ಎಂಬ ನಿಯಮವಿತ್ತು. 302 ಎಂಬುದು ಆ ಎಂಜಿನ್ನಿನ ಗಾತ್ರ, ಘನ ಅಂಗುಲಗಳಲ್ಲಿ. ಮೊದಲ ವರ್ಷ ತಯಾರಾದವು 1,628 ಕಾರುಗಳು. 1970ರಲ್ಲಿ ಫೋರ್ಡ್ ಆ ಸರಣಿಯನ್ನು ಗೆದ್ದಿತು. ಅಲ್ಲಿ ಅಪರೂಪ ಒಂದು ಅಗತ್ಯದ ಉಪಫಲವಾಗಿತ್ತು. ಇಂದಿನ ಬಹುಪಾಲು ವಿಶೇಷ ಆವೃತ್ತಿಗಳಲ್ಲಿ ಅಪರೂಪವೇ ಮಾರಾಟದ ಸರಕು. ಬಣ್ಣದ ಪಟ್ಟೆ, ಕ್ರಮಸಂಖ್ಯೆ ಕೆತ್ತಿದ ಲೋಹದ ಫಲಕ, ಮತ್ತು ‘ಇಷ್ಟೇ ಕಾರು, ಇನ್ನು ಮಾಡುವುದಿಲ್ಲ’ ಎಂಬ ವಾಗ್ದಾನ. 2012ರ ಬಾಸ್ ಕಾರಿನಲ್ಲಿ ಎಂಜಿನ್ನಿನ ನಿಜವಾದ ಸುಧಾರಣೆಗಳಿದ್ದವು ಎಂಬುದನ್ನು ಒಪ್ಪಬೇಕು. ಎಲ್ಲ ಆವೃತ್ತಿಗಳ ಬಗ್ಗೆ ಹಾಗೆ ಹೇಳಲಾಗದು.

ಆ ವಾಗ್ದಾನಕ್ಕೆ ಎಷ್ಟು ಬೆಲೆ? ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1972ರ ಒಂದು ಪ್ರಬಂಧದಲ್ಲಿ ಕುತೂಹಲಕರ ವಾದ ಮಂಡಿಸಿದರು. ಬಹುಕಾಲ ಬಾಳುವ ವಸ್ತುವನ್ನು ಒಬ್ಬನೇ ಮಾರುತ್ತಿದ್ದರೂ ಅವನಿಗೊಬ್ಬ ಪ್ರತಿಸ್ಪರ್ಧಿ ಇರುತ್ತಾನೆ: ನಾಳೆಯ ಅವನೇ. ಇಂದು ದುಬಾರಿಯಾಗಿ ಮಾರಿದವನು ನಾಳೆ ಮತ್ತಷ್ಟು ತಯಾರಿಸಿ ಅಗ್ಗಕ್ಕೆ ಮಾರುವ ಆಸೆಯಿಂದ ತಪ್ಪಿಸಿಕೊಳ್ಳಲಾರ. ಅದನ್ನು ಬಲ್ಲ ಗ್ರಾಹಕ ಇಂದೇ ಹೆಚ್ಚು ಕೊಡಲು ಹಿಂಜರಿಯುತ್ತಾನೆ. ಆದ್ದರಿಂದ ಮಾರುವವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡು ತೋರಿಸಬೇಕಾಗುತ್ತದೆ. ಕ್ರಮಸಂಖ್ಯೆಯ ಫಲಕ ಹಾಗೆ ಕಟ್ಟಿಕೊಂಡ ಕೈ.

ಆದರೆ ಕಟ್ಟು ಎಷ್ಟು ಸಡಿಲವಿರಬಹುದು ಎಂಬುದಕ್ಕೆ ಜರ್ಮನಿಯ ಪೋರ್ಷೆ ಕಂಪನಿಯ ‘911 ಆರ್’ ನಿದರ್ಶನ. 2016ರಲ್ಲಿ ಹೊರಬಂದ ಈ ಕಾರುಗಳ ಸಂಖ್ಯೆ 991 ಮಾತ್ರ. ಶಕ್ತಿಶಾಲಿ ನಾಲ್ಕು ಲೀಟರ್ ಎಂಜಿನ್ನಿಗೆ ಕೈಗೇರು ಜೋಡಿಸಿದ್ದು ಅದರ ಆಕರ್ಷಣೆ. ಕೆಲವೇ ತಿಂಗಳಲ್ಲಿ ಮರುಮಾರಾಟದ ಬೆಲೆ ಪಟ್ಟಿ ಬೆಲೆಯ ಇಮ್ಮಡಿಯನ್ನೂ ಮೀರಿತು. 2017ರಲ್ಲಿ ಕಂಪನಿ ತನ್ನ ‘ಜಿಟಿ3’ ಮಾದರಿಯಲ್ಲೂ ಕೈಗೇರು ಕೊಟ್ಟಿತು. ಅದೇ ವರ್ಷ ‘ಟೂರಿಂಗ್’ ಎಂಬ ಹೆಸರಿನಲ್ಲಿ, ನೋಟದಲ್ಲೂ ಗುಣದಲ್ಲೂ ‘ಆರ್’ಗೆ ಹತ್ತಿರವಾದುದನ್ನು ತಂದಿತು. ‘ಆರ್’ ಕಾರುಗಳ ಬೆಲೆ ಇಳಿಯಿತು. ಕಂಪನಿ ಮಾತು ತಪ್ಪಲಿಲ್ಲ. 991ಕ್ಕೆ ಇನ್ನೊಂದನ್ನು ಸೇರಿಸಲಿಲ್ಲ. ಆದರೆ ಬಹಳಷ್ಟು ಜನರಿಗೆ ಬೇಕಿದ್ದುದು ಸಂಖ್ಯೆಯಲ್ಲ, ಸಂಖ್ಯೆಯ ಹಿಂದಿದ್ದ ಅನುಭವ. ಅದು ಬೇರೆ ಹೆಸರಿನಲ್ಲಿ ದೊರೆಯಿತು. ಅಪರೂಪವನ್ನು ಹೂಡಿಕೆ ಎಂದು ಕೊಳ್ಳುವವನು ತನ್ನ ಹಣದ ಬೀಗದ ಕೈಯನ್ನು ತಯಾರಕನ ಬಳಿಯೇ ಬಿಟ್ಟಿರುತ್ತಾನೆ.

ಎರಡನೆಯ ತೊಡಕು ಮಾಹಿತಿಯದು. ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಮುಂದೆ 2001ರ ನೊಬೆಲ್ ಪ್ರಶಸ್ತಿಗೆ ದಾರಿಯಾಯಿತು. ಅದೇ ಪ್ರಬಂಧದಲ್ಲಿ ಭಾರತದ ಲೇವಾದೇವಿಯ ಪ್ರಸ್ತಾಪವೂ ಇದೆ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮಾನತೆಯಿಂದ ಒಳ್ಳೆಯ ಕಾರುಗಳು ಪೇಟೆಯಿಂದ ಹಿಂದೆ ಸರಿದು ಕಳಪೆಯವೇ ಉಳಿಯುತ್ತವೆ ಎಂಬುದು ಅದರ ತಿರುಳು. ಸರ್ಕಾರಿ ಸೇವೆಯಲ್ಲಿದ್ದಾಗ ನಿರುಪಯೋಗಿ ಎಂದು ಘೋಷಿಸಿದ ವಾಹನಗಳ ಹರಾಜನ್ನು ನಾನು ಹಲವು ಬಾರಿ ನಡೆಸಿದ್ದೇನೆ. ಅನುಭವಸ್ಥ ಬಿಡ್‌ದಾರರು ಬಾನೆಟ್ ಎತ್ತುವ ಮುನ್ನ ಕೇಳುತ್ತಿದ್ದುದು ಲಾಗ್ ಬುಕ್. ಕಾರಿನ ಚರಿತ್ರೆ ಅದರ ಹೊಳಪಿಗಿಂತ ದೊಡ್ಡದು ಎಂಬುದನ್ನು ಅವರಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಸ್ಪೋರ್ಟ್ಸ್ ಕಾರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಬಾಸ್ 302ಗೆ ಎರಡು ಕೀಲಿಗಳ ಸೌಲಭ್ಯವಿತ್ತು. ಮಾಮೂಲಿ ಕೀಲಿ ರಸ್ತೆಗೆ. ಕೆಂಪು ಕೀಲಿ ಹಾಕಿದರೆ ಎಂಜಿನ್ನಿನ ನಡವಳಿಕೆಯೇ ರೇಸ್ ಟ್ರ್ಯಾಕಿಗೆ ತಕ್ಕಂತೆ ಬದಲಾಗುತ್ತದೆ. ಹಿಂದಿನ ಮಾಲೀಕ ಎಷ್ಟು ಸಲ ಕೆಂಪು ಕೀಲಿ ತಿರುಗಿಸಿದ್ದ ಎಂಬುದನ್ನು ಕಿಲೋಮೀಟರಿನ ಲೆಕ್ಕ ಹೇಳುವುದಿಲ್ಲ. ಸಾಧಾರಣ ಮಸ್ಟ್ಯಾಂಗ್‌ಗೆ ಪಟ್ಟೆ ಅಂಟಿಸಿ ಬಾಸ್ ಎಂದು ತೋರಿಸುವುದೂ ಅಸಾಧ್ಯವೇನಲ್ಲ. ಇದಕ್ಕೆ ಮದ್ದೂ ಪೇಟೆಯಲ್ಲೇ ಹುಟ್ಟಿದೆ. ಫೋರ್ಡ್‌ನ ಮೂಲ ಉತ್ಪಾದನಾ ದಾಖಲೆಗಳ ಆಧಾರದ ಮೇಲೆ ಯಾವ ಕಾರು ಯಾವ ರೂಪದಲ್ಲಿ ಕಾರ್ಖಾನೆಯಿಂದ ಹೊರಬಂತೆಂದು ತಿಳಿಸುವ ‘ಮಾರ್ಟಿ ವರದಿ’ ಹಣ ತೆತ್ತವರಿಗೆ ದೊರೆಯುತ್ತದೆ. ಅದು ಜನ್ಮಪತ್ರ ಮಾತ್ರ. ಆನಂತರದ ಬದುಕಿನ ವಿವರಕ್ಕೆ ಸರ್ವಿಸ್ ರಸೀದಿಗಳೇ ಗತಿ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಸುರಕ್ಷತೆ. ಜಪಾನಿನ ತಕಾಟ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳ ದುರಂತವನ್ನು ಓದುಗರು ಕೇಳಿರಬಹುದು. ಅವುಗಳೊಳಗಿನ ರಾಸಾಯನಿಕ ವರ್ಷಗಳ ಶಾಖ ಮತ್ತು ತೇವಕ್ಕೆ ಕೆಟ್ಟು, ಅಪಘಾತದ ಕ್ಷಣದಲ್ಲಿ ಲೋಹದ ಕೋಶವೇ ಸಿಡಿದು ಚೂರುಗಳು ಕುಳಿತವರತ್ತ ಚಿಮ್ಮುತ್ತಿದ್ದವು. ಜೀವ ಉಳಿಸಬೇಕಾದ ಸಾಧನವೇ ಜೀವ ತೆಗೆಯಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ಬದಲಿಸಲು ಆದೇಶವಾಯಿತು. 2005ರಿಂದ 2014ರವರೆಗಿನ ಮಸ್ಟ್ಯಾಂಗ್‌ಗಳು ಆ ಪಟ್ಟಿಯಲ್ಲಿವೆ. ಬಾಸ್ 302 ಆ ಅವಧಿಯದೇ. ಕಾರಿನ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆಯನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ನಮೂದಿಸಿದರೆ ದುರಸ್ತಿ ಬಾಕಿ ಇದೆಯೇ ಎಂಬುದು ಕೂಡಲೇ ತಿಳಿಯುತ್ತದೆ, ದುರಸ್ತಿ ಉಚಿತ. ವರ್ಷಗಟ್ಟಲೆ ಗ್ಯಾರೇಜಿನಲ್ಲೇ ಜೋಪಾನವಾಗಿದ್ದ ಕಾರನ್ನು ಮಾಲೀಕ ಈ ಕೆಲಸಕ್ಕೆ ಹೊರತೆಗೆದಿದ್ದಾನೆಂದು ಭಾವಿಸಿಕೊಳ್ಳುವಂತಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು. ಇದರ ಜೊತೆಗೆ, ಹಿಂದಿನ ನೋಟ ತೋರುವ ಕ್ಯಾಮೆರಾ ಅಮೆರಿಕದ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2018ರ ಮೇ ತಿಂಗಳಲ್ಲಿ. ಕಾರಿನ ಹಿಂದೆ ನಿಂತ ಪುಟ್ಟ ಮಕ್ಕಳು ಚಾಲಕರಿಗೆ ಕಾಣದೆ ನಡೆದ ಸಾವುಗಳೇ ಆ ಕಾನೂನಿಗೆ ಕಾರಣ. ಎದುರಿಗೆ ಅಡ್ಡಿ ಕಂಡರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯೂ 2024ರ ಮೂಲ ಮಾದರಿಯಲ್ಲಿದೆ. ‘ಮೂಲ’ ಎಂಬ ಪದದಲ್ಲಿ ಇಷ್ಟೆಲ್ಲ ಸೇರಿದೆ ಎಂಬುದನ್ನು ಪಟ್ಟೆಗಳ ಮೋಹದಲ್ಲಿ ಮರೆಯುವುದು ಸುಲಭ.

ಇಷ್ಟಾದರೂ ವಿಶೇಷ ಆವೃತ್ತಿಯ ಪರವಾಗಿ ಹೇಳಬೇಕಾದದ್ದನ್ನು ಹೇಳದಿದ್ದರೆ ನ್ಯಾಯವಾಗದು. ಡಾಡ್ಜ್ ಚಾಲೆಂಜರ್ ಕಾರಿನ ಉತ್ಪಾದನೆ 2023ರ ಕೊನೆಯಲ್ಲಿ ನಿಂತಿತು. ಷೆವರ್ಲೆ ಕಮಾರೊ 2024ರ ಮಾದರಿಗೆ ಕೊನೆಗೊಂಡಿತು. ಎಂಟು ಸಿಲಿಂಡರಿನ ಎಂಜಿನ್ನು, ಕೈಗೇರು ಎರಡೂ ಮರೆಯಾಗುತ್ತಿರುವ ಕಾಲವಿದು. ಇಂಥದೊಂದು ಯಂತ್ರವನ್ನು ತನ್ನ ಕೈಕಾಲುಗಳಿಂದಲೇ ನಡೆಸುವ ಸುಖ ಕಾಲ್ಪನಿಕವಲ್ಲ. ಸಂಗೀತದ ಹಳೆಯ ಧ್ವನಿಮುದ್ರಿಕೆಗೆ ಹಣ ತೆರುವವರನ್ನು ನಾವು ಅವಿವೇಕಿಗಳೆನ್ನುವುದಿಲ್ಲವಲ್ಲ! ಮೇಲಾಗಿ, ಸವಕಳಿಯ ಬಹುಭಾಗವನ್ನು ಮೊದಲ ಮಾಲೀಕನೇ ಹೊತ್ತಿರುತ್ತಾನೆ. ಹೊಸ ಮೂಲ ಮಾದರಿಯ ಬೆಲೆ ಮುಂದಿನ ಐದು ವರ್ಷ ಇಳಿಯುತ್ತಲೇ ಹೋಗುತ್ತದೆ ಎಂಬುದೂ ನಿಜ.

ಆದರೆ ಆ ಉಳಿತಾಯಕ್ಕೊಂದು ಷರತ್ತಿದೆ. ಆ್ಯಡಂ ಸ್ಮಿತ್ 1776ರಲ್ಲೇ ಉಪಯೋಗ ಮೌಲ್ಯ ಬೇರೆ, ವಿನಿಮಯ ಮೌಲ್ಯ ಬೇರೆ ಎಂದು ನೀರು ಮತ್ತು ವಜ್ರದ ಉದಾಹರಣೆಯಿಂದ ತೋರಿಸಿದರು. ವಿಶೇಷ ಆವೃತ್ತಿಯ ಕಾರಿನಲ್ಲಿ ಇವೆರಡೂ ಒಂದಕ್ಕೊಂದು ವೈರಿಗಳಾಗುತ್ತವೆ. ಓಡಿಸಿದಷ್ಟೂ ಅದರ ಅಪರೂಪ ಕರಗುತ್ತದೆ. ಅಪರೂಪ ಉಳಿಸಬೇಕೆಂದರೆ ಓಡಿಸಬಾರದು. ಮಿಷಿಗನ್ ರಾಜ್ಯದಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಗುಲಿದ ಉಕ್ಕು ತುಕ್ಕು ಹಿಡಿಯುತ್ತದೆ. ಹಾಗಾಗಿ ಜೋಪಾನ ಮಾಡುವವರ ಕಾರುಗಳು ವರ್ಷದ ಹಲವು ತಿಂಗಳು ಹೊದಿಕೆಯ ಕೆಳಗಿರುತ್ತವೆ. ಸಂಗ್ರಾಹಕರ ಕಾರುಗಳಿಗೆಂದೇ ಇರುವ ವಿಮೆ ಅಗ್ಗವೇನೋ ಹೌದು. ಆದರೆ ಅಂತಹ ಬಹುತೇಕ ಪಾಲಿಸಿಗಳು ದಿನನಿತ್ಯದ ಓಡಾಟಕ್ಕೆ ಒಪ್ಪುವುದಿಲ್ಲ. ಅಂದರೆ ಬೆಲೆ ಕಾಯಬೇಕಾದವನು ಇನ್ನೊಂದು ಕಾರು ಇಟ್ಟುಕೊಳ್ಳಲೇಬೇಕು. ಆ ಖರ್ಚನ್ನು, ನಿಂತ ಕಾರಿನಲ್ಲಿ ಸಿಲುಕಿದ ಹಣ ಬೇರೆಡೆ ಗಳಿಸಬಹುದಾಗಿದ್ದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದರೆ ಲಾಭ ಬಹಳಷ್ಟು ಕರಗಿಹೋಗುತ್ತದೆ.

ಹೀಗಾಗಿ ನಾನು ಕೊಟ್ಟ ಸಲಹೆ ಇಷ್ಟೇ. ಮಗು ಕೂರುವ, ದಿನವೂ ಓಡುವ ಕಾರು ಬೇಕಿದ್ದರೆ ಹೊಸ ಮೂಲ ಮಾದರಿಯನ್ನೇ ಕೊಳ್ಳು. ಮನೆಗೆ ಬೇರೊಂದು ಕಾರಿದ್ದು, ಸಾಲ ಮಾಡದೆ, ದಾಖಲೆ ಪರಿಶೀಲಿಸಿ, ನಾಳೆ ಅದರ ಅಪರೂಪಕ್ಕೆ ಚಿಕ್ಕಾಸೂ ಸಿಗದಿದ್ದರೂ ಓಡಿಸಿದ ಸಂತೋಷ ಸಾಕು ಎನ್ನುವ ಮನಸ್ಸಿದ್ದರೆ ವಿಶೇಷ ಆವೃತ್ತಿ ಕೊಳ್ಳು. ಲಾಭವಾಗುತ್ತದೆಂದು ಮಾತ್ರ ಕೊಳ್ಳಬೇಡ.

ಲಾಭ ಬಂದವರಿಲ್ಲವೇ? ಇದ್ದಾರೆ, ಅವರ ಕಥೆಯೂ ಇದನ್ನೇ ಹೇಳುತ್ತದೆ. 1968ರ ‘ಬುಲಿಟ್’ ಚಲನಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಮಸ್ಟ್ಯಾಂಗ್ ಕಾರನ್ನು 1974ರಲ್ಲಿ ನ್ಯೂಜೆರ್ಸಿಯ ಕುಟುಂಬವೊಂದು ಸುಮಾರು 6 ಸಾವಿರ ಡಾಲರಿಗೆ ಕೊಂಡಿತು. ಆ ಮನೆಯ ಗೃಹಿಣಿ ಶಾಲಾ ಶಿಕ್ಷಕಿ. ಕ್ಲಚ್ ಕೆಡುವವರೆಗೂ ಅವರು ಅದರಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದೇ ಕಾರು, ಶುಲ್ಕವೂ ಸೇರಿ, 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಅದಕ್ಕೆ ಬೆಲೆ ತಂದದ್ದು ಕ್ರಮಸಂಖ್ಯೆಯ ಫಲಕವಲ್ಲ. ಅದರ ಮೇಲೆ ನಡೆದುಹೋದ ಬದುಕು. ಅದನ್ನು ಯಾವ ಕಾರ್ಖಾನೆಯೂ ಮುಂಗಡವಾಗಿ ಜೋಡಿಸಿ ಕೊಡಲಾರದು. 1964ರ ಏಪ್ರಿಲಿನಲ್ಲಿ 2,368 ಡಾಲರಿನ ಮೂಲ ಬೆಲೆಗೆ ಮಾರಾಟಕ್ಕೆ ಬಂದ ಮಸ್ಟ್ಯಾಂಗ್, ಎರಡೇ ವರ್ಷಗಳಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿತು. ಆ ಹೆಸರಿಗೆ ಕೀರ್ತಿ ತಂದವರು ಹೊದಿಕೆ ಹೊದಿಸಿ ಕಾದವರಲ್ಲ. ಕೊಂಡು, ಓಡಿಸಿ, ಸವೆಸಿದ ಲಕ್ಷಾಂತರ ಸಾಮಾನ್ಯರು.