ಅಳಿವೆಯ ಮರಳಿಗೊಂದು ಲೆಕ್ಕ

ಮಂಗಳೂರಿನ ಹಳೆ ಬಂದರಿನಿಂದ ಹೊರಟ ಬೋಟು ಕಡಲು ಸೇರಬೇಕಾದರೆ ಅಳಿವೆಬಾಗಿಲು ದಾಟಬೇಕು. ನೇತ್ರಾವತಿ, ಗುರುಪುರ ಎರಡೂ ನದಿಗಳಿಗೆ ಅದೊಂದೇ ಬಾಯಿ. ಅಲೆಗಳು ದಂಡೆಯುದ್ದಕ್ಕೂ ಮರಳು ತಂದು ಅದನ್ನು ಮುಚ್ಚಲು ನೋಡುತ್ತವೆ. ಭರತ–ಇಳಿತದ ನೀರು ಒಳಹೊರಗೆ ಓಡಾಡುತ್ತ ತೊಳೆದು ತೆರೆದಿಡುತ್ತದೆ. ಈ ಹಗ್ಗಜಗ್ಗಾಟದಲ್ಲಿ ಕೊನೆಗೆ ಎಷ್ಟು ಆಳ ಉಳಿದೀತು ಎಂದು ಮುಂಚಿತವಾಗಿ ಅಂದಾಜಿಸುವುದೇ ಒಂದು ವಿದ್ಯೆ.

ನಮ್ಮ ದೇಶದಲ್ಲಿ ಆ ವಿದ್ಯೆಯ ಹಳೆಯ ಮನೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿದೆ. ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವನ್ನು 1916ರಲ್ಲಿ ಬಾಂಬೆ ಪ್ರಾಂತ್ಯದ ಸರ್ಕಾರ ಆರಂಭಿಸಿದ್ದು ನೀರಾವರಿಗೆಂದು. ಬಂದರುಗಳು ಆಮೇಲೆ ಬಂದವು. ಕಡಲಿನಿಂದ ಅಷ್ಟು ದೂರದ ಘಟ್ಟದ ಮೇಲೆ, ದೊಡ್ಡ ಶೆಡ್ಡುಗಳಲ್ಲಿ ಬಂದರುಗಳ ಪುಟ್ಟ ಪ್ರತಿರೂಪ ಕಟ್ಟಿ, ಯಂತ್ರದಿಂದ ಭರತ–ಇಳಿತ ಎಬ್ಬಿಸುತ್ತಾರೆ.

ಉದ್ದಗಲವನ್ನು 400 ಪಾಲು, ಆಳವನ್ನು 100 ಪಾಲು ಕುಗ್ಗಿಸಿದ ಮಾದರಿ ಎನ್ನಿ. ಆಗ ಕಾಲ 40 ಪಾಲು ಕುಗ್ಗುತ್ತದೆ: 12 ಗಂಟೆ 25 ನಿಮಿಷದ ಭರತ–ಇಳಿತ 19 ನಿಮಿಷದೊಳಗೆ ಮುಗಿಯುತ್ತದೆ. ನೀರು ಹೀಗೆ ಮಾತು ಕೇಳುತ್ತದೆ, ಮರಳು ಕೇಳುವುದಿಲ್ಲ. ಕಣವನ್ನು ಅದೇ ಪ್ರಮಾಣದಲ್ಲಿ ಸಣ್ಣದು ಮಾಡಿದರೆ ಜೇಡಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಇಂಥ ಮಾದರಿಗಳಲ್ಲಿ ಕಲ್ಲಿದ್ದಲಿನ ಪುಡಿ, ಅಕ್ರೋಟು ಚಿಪ್ಪಿನ ಪುಡಿಯಂಥ ಹಗುರ ವಸ್ತು ಹಾಸುವುದುಂಟು.

ಈಗ ಹೆಚ್ಚಿನ ಕೆಲಸ ಕಂಪ್ಯೂಟರಿನಲ್ಲಿ. ಡೆನ್ಮಾರ್ಕಿನ ಮೈಕ್, ನೆದರ್ಲೆಂಡ್ಸಿನ ಡೆಲ್ಫ್ಟ್‌3ಡಿ ತಂತ್ರಾಂಶಗಳು ಕಡಲನ್ನು ಚೌಕಗಳಾಗಿಯೋ ತ್ರಿಕೋನಗಳಾಗಿಯೋ ಕತ್ತರಿಸಿ, ಪ್ರತಿಯೊಂದರಲ್ಲೂ ಮರಳು ಎಷ್ಟು ಬಂತು, ಎಷ್ಟು ಹೋಯಿತು ಎಂದು ಜಮಾಖರ್ಚು ಬರೆಯುತ್ತವೆ. ಪರದೆಯ ಮೇಲಿನ ಬಣ್ಣಗಳು ಚೆಂದ. ನಂಬುವ ಮೊದಲು ಒಂದು ವಿಷಯ ತಿಳಿದಿರಬೇಕು. ಮರಳಿನ ಸಾಗಾಟ ನೀರಿನ ವೇಗದ ಮೂರರಿಂದ ಐದನೆಯ ಘಾತದಂತೆ ಏರುತ್ತದೆ. ವೇಗವನ್ನು ಶೇ 20ರಷ್ಟು ಹೆಚ್ಚು ಹಿಡಿದರೆ ಮರಳಿನ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟು! ನಿಜಕ್ಕೆ ಎರಡು ಪಟ್ಟಿನೊಳಗೆ ಉತ್ತರ ಬಂದರೆ ಬಲ್ಲವರು ಅದನ್ನು ಒಳ್ಳೆಯ ಫಲಿತಾಂಶವೆಂದೇ ಎಣಿಸುತ್ತಾರೆ.

ಅಮೆರಿಕದ ಎಂಜಿನಿಯರ್ ಮೊರೊ ಓಬ್ರಿಯನ್ 1931ರಲ್ಲಿ ಕಂಡುಕೊಂಡ ಸಂಬಂಧಕ್ಕೆ ಕಂಪ್ಯೂಟರೇ ಬೇಕಿರಲಿಲ್ಲ: ಒಂದು ಭರತದಲ್ಲಿ ಎಷ್ಟು ನೀರು ಒಳಹೋಗಿ ಬರುತ್ತದೋ ಅದಕ್ಕೆ ತಕ್ಕಷ್ಟೇ ಅಳಿವೆಯ ಬಾಯಿ. ಹಾಗಾಗಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಜಾಗಕ್ಕೆ ಮಣ್ಣು ತುಂಬಿ ಸೈಟು ಮಾಡುವವರು ಮೈಲಿಯಾಚೆಯ ಮೀನುಗಾರನ ದಾರಿಯನ್ನೂ ಕಿರಿದು ಮಾಡುತ್ತಿರುತ್ತಾರೆ.

ಪಣಂಬೂರಿನ ನವಮಂಗಳೂರು ಬಂದರಿನ ಕಡಲ ಕಾಲುವೆಗೆ ಮಳೆಗಾಲದಲ್ಲಿ ಹೂಳು ತುಂಬುತ್ತದೆ, ಡ್ರೆಜರ್ ಬಂದು ಎತ್ತುತ್ತದೆ. ಮಾದರಿ ಮಾಡುವವರಿಗೆ ಬೇಕಾದದ್ದು ಆಳದ ಎರಡು ಅಳತೆ. ಮಳೆಗೆ ಮುಂಚೆ ಒಮ್ಮೆ, ಹೂಳೆತ್ತುವ ಮೊದಲು ಇನ್ನೊಮ್ಮೆ ಅಳೆದ ಅಂಕಿ ಕೈಯಲ್ಲಿಲ್ಲದಿದ್ದರೆ ಯಾವ ತಂತ್ರಾಂಶದ ಉತ್ತರವನ್ನೂ ತಾಳೆ ನೋಡಲಾಗದು.